ಹಕ್ಕಿ ಬೀಳಿಸಿದ ಬ್ರೆಡ್ಡಿಗೆ ಸರ್ನ್‌ನ ದೈತ್ಯ ಯಂತ್ರ ನಿಂತಿತೇ?

ಸರ್ನ್‌ನ ದೊಡ್ಡ ಯಂತ್ರ ನಿಂತಿದೆ ಎಂಬ ಸುದ್ದಿ ಬಂದಾಗಲೆಲ್ಲ ವಾಟ್ಸಾಪ್‌ನಲ್ಲಿ ಎರಡು ಬಗೆಯ ಫಾರ್ವರ್ಡ್‌ಗಳು ಓಡಾಡುತ್ತವೆ. ಮೊದಲನೆಯದು ಹೆದರಿಸುವಂಥದ್ದು: ಏನೋ ಭಯಂಕರವಾದದ್ದು ನಡೆದಿದೆ, ವಿಜ್ಞಾನಿಗಳು ಮುಚ್ಚಿಡುತ್ತಿದ್ದಾರೆ, ಸ್ವಲ್ಪದರಲ್ಲಿ ಭೂಮಿ ಉಳಿಯಿತು. ಎರಡನೆಯದು ನಗಿಸುವಂಥದ್ದು: ಸಾವಿರಾರು ಕೋಟಿಯ ಯಂತ್ರವನ್ನು ಒಂದು ಹಕ್ಕಿ ಬ್ರೆಡ್ ತುಂಡು ಹಾಕಿ ಕೆಡಿಸಿತು. ಎರಡನ್ನೂ ನಮಗೆ ಕಳಿಸಿ "ಇದು ನಿಜವೇ?" ಎಂದು ಕೇಳುವವರಿದ್ದಾರೆ.

ಹಕ್ಕಿಯ ಕಥೆ ಬಹುಮಟ್ಟಿಗೆ ನಿಜ. 2009ರ ನವೆಂಬರ್ 3ರಂದು ನೆಲದ ಮೇಲಿದ್ದ ಒಂದು ವಿದ್ಯುತ್ ಉಪಕರಣದಲ್ಲಿ ಶಾರ್ಟ್ ಸರ್ಕ್ಯೂಟ್ ಆಯಿತು. ನೋಡಲು ಹೋದವರಿಗೆ ಅಲ್ಲಿ ಬ್ರೆಡ್ ತುಂಡು ಸಿಕ್ಕಿತು. ಅದನ್ನು ಹಕ್ಕಿಯೇ ತಂದಿತ್ತೆಂದು ಸರ್ನ್ ಹೇಳಿತು. ಹಕ್ಕಿಗೆ ಏನೂ ಆಗಲಿಲ್ಲ, ಬ್ರೆಡ್ ಮಾತ್ರ ಹೋಯಿತು. ಯಂತ್ರವೂ ಕೆಡಲಿಲ್ಲ. ಶೀತಲೀಕರಣ ಕೆಲಕಾಲ ನಿಂತು, ಒಂದು ಭಾಗದ ಅಯಸ್ಕಾಂತಗಳು ಕೆಲವು ಡಿಗ್ರಿ ಬೆಚ್ಚಗಾದವು, ಅಷ್ಟೇ. 2016ರ ಏಪ್ರಿಲ್ 29ರಂದು ಮುಂಗುಸಿಯಷ್ಟು ದೊಡ್ಡದೊಂದು ಕಾಡುಪ್ರಾಣಿ 66 ಸಾವಿರ ವೋಲ್ಟ್‌ನ ಟ್ರಾನ್ಸ್‌ಫಾರ್ಮರ್ ಬಳಿ ಹೋಗಿ ಸತ್ತಿತು. ಆಗಲೂ ಯಂತ್ರ ನಿಂತಿತು. ಇವೆಲ್ಲ ಗುಟ್ಟಿನ ಸಂಗತಿಗಳಲ್ಲ, ಸರ್ನ್‌ನವರೇ ಜಗತ್ತಿಗೆ ಹೇಳಿದ್ದು.

ಫಾರ್ವರ್ಡ್‌ಗಳು ತಪ್ಪುವುದು 'ನಿಂತಿತು' ಎಂಬ ಮಾತನ್ನು ಅರ್ಥ ಮಾಡಿಕೊಳ್ಳುವುದರಲ್ಲಿ. ಇಂಥ ಯಂತ್ರ ತಾನಾಗಿ ನಿಂತರೆ, ಹೆಚ್ಚಿನ ಸಲ ಅದರ ರಕ್ಷಣಾ ವ್ಯವಸ್ಥೆ ಸರಿಯಾಗಿ ಕೆಲಸ ಮಾಡಿದೆ ಎಂದರ್ಥ.

ಅರ್ಧ ಸಿಲಿಂಡರ್ ಶಕ್ತಿ, ಸೂಜಿಯ ಮೊನೆಯಲ್ಲಿ

ಲಾರ್ಜ್ ಹೇಡ್ರಾನ್ ಕೊಲೈಡರ್, ಅಂದರೆ ಎಲ್‌ಎಚ್‌ಸಿ, ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ಗಡಿಯಲ್ಲಿ ನೆಲದಿಂದ ಸುಮಾರು 100 ಮೀಟರ್ ಆಳದಲ್ಲಿರುವ 27 ಕಿಲೋಮೀಟರ್ ಸುತ್ತಳತೆಯ ಸುರಂಗ. ಅದರೊಳಗೆ ಎರಡು ಪ್ರೋಟಾನ್ ಕಿರಣಗಳು ಎದುರುಬದುರಾಗಿ ಸೆಕೆಂಡಿಗೆ 11 ಸಾವಿರಕ್ಕೂ ಹೆಚ್ಚು ಸುತ್ತು ಹಾಕುತ್ತವೆ. ಒಂದು ಕಿರಣದಲ್ಲಿರುವ ಪ್ರೋಟಾನ್‌ಗಳು ಸುಮಾರು 3 ಕೋಟಿ ಕೋಟಿ. ಎಲ್ಲವನ್ನೂ ಒಟ್ಟಿಗೆ ತೂಗಿದರೂ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಅರ್ಧ ಪಾಲು.

ಆದರೆ ವಿನ್ಯಾಸದ ಪ್ರಕಾರ ಆ ಒಂದು ಕಿರಣದ ಶಕ್ತಿ 362 ಮೆಗಾಜೂಲ್. 400 ಟನ್ನಿನ ರೈಲು ಗಂಟೆಗೆ 150 ಕಿ.ಮೀ. ವೇಗದಲ್ಲಿ ಓಡುವಾಗ ಇರುವಷ್ಟು. ಇನ್ನೊಂದು ಲೆಕ್ಕ ಹೇಳುತ್ತೇವೆ: ನಮ್ಮ ಮನೆಯ 14.2 ಕೆ.ಜಿ. ಗ್ಯಾಸ್ ಸಿಲಿಂಡರ್ ಪೂರ್ತಿ ಉರಿದರೆ ಬರುವ ಶಕ್ತಿ ಸುಮಾರು 650 ಮೆಗಾಜೂಲ್. ಅಂದರೆ ಒಂದು ಕಿರಣ ಅರ್ಧ ಸಿಲಿಂಡರಿಗಿಂತ ಸ್ವಲ್ಪ ಹೆಚ್ಚು. ಭೂಮಿ ಒಡೆಯುತ್ತದೆ ಎನ್ನುವವರಿಗೆ ಇಷ್ಟು ಲೆಕ್ಕ ಸಾಕು.

ಹಾಗಾದರೆ ಹೆದರಿಕೆಯೇ ಇಲ್ಲವೇ? ಇದೆ, ಆದರೆ ಅದು ಯಂತ್ರಕ್ಕೆ. ಸಿಲಿಂಡರ್ ತಿಂಗಳುಗಟ್ಟಲೆ ಉರಿಯುತ್ತದೆ. ಕಿರಣ ದಾರಿ ತಪ್ಪಿದರೆ ಅಷ್ಟೂ ಶಕ್ತಿ 89 ಮೈಕ್ರೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಹತ್ತು ಸಾವಿರದ ಒಂದು ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ, ಸೂಜಿ ದಪ್ಪದ ಜಾಗಕ್ಕೆ ಬೀಳುತ್ತದೆ. ಇದರ ರುಚಿ 2004ರಲ್ಲೇ ಸಿಕ್ಕಿತ್ತು. ಎಲ್‌ಎಚ್‌ಸಿಗೆ ಪ್ರೋಟಾನ್ ಒದಗಿಸುವ ಚಿಕ್ಕ ಯಂತ್ರದಲ್ಲಿ ಪರೀಕ್ಷೆ ನಡೆಯುವಾಗ ಒಂದು ಅಯಸ್ಕಾಂತದ ವಿದ್ಯುತ್ ಕೈಕೊಟ್ಟು ಕಿರಣ ಪಕ್ಕಕ್ಕೆ ಹೊರಳಿತು. ಆ ಕಿರಣದ ಶಕ್ತಿ ಬರೀ ಎರಡೂವರೆ ಮೆಗಾಜೂಲ್. ಆದರೂ ಉಕ್ಕಿನ ಕೊಳವೆಯಲ್ಲಿ ಸುಮಾರು 25 ಸೆಂಟಿಮೀಟರ್ ಉದ್ದಕ್ಕೆ ಕೊಯ್ದ ಗಾಯವಾಗಿತ್ತು.

'ಸರಿ ಇದೆ' ಎಂಬ ಮಾತು ನಿಂತರೆ ಸಾಕು

ಇಂಟರ್‌ಲಾಕ್ ಎಂಬುದು ನಿಮಗೆ ಹೊಸತಲ್ಲ. ಮಿಕ್ಸಿಯ ಜಾರ್ ಸರಿಯಾಗಿ ಕೂರದಿದ್ದರೆ ಎಷ್ಟೋ ಮಿಕ್ಸಿಗಳು ತಿರುಗುವುದಿಲ್ಲ. ಲಿಫ್ಟಿನ ಬಾಗಿಲು ಮುಚ್ಚದಿದ್ದರೆ ಲಿಫ್ಟ್ ಏಳುವುದಿಲ್ಲ. 'ಇದು ಸರಿ ಇಲ್ಲದಿದ್ದರೆ ಅದು ನಡೆಯಕೂಡದು' ಎಂಬ ಕಟ್ಟು ಅದು.

ಹಳೆಯ ರೈಲ್ವೆ ಕೈಮರ ಇನ್ನೂ ಒಳ್ಳೆಯ ಉದಾಹರಣೆ. ಕೈ ಇಳಿದಿದ್ದರೆ ರೈಲು ಹೋಗಬಹುದು. ಅದನ್ನು ಹಾಗೆ ಹಿಡಿದಿಡುವುದು ಎಳೆದು ಕಟ್ಟಿದ ತಂತಿ. ತಂತಿ ತುಂಡಾದರೆ ಕೈ ಪ್ರತಿಭಾರದ ಎಳೆತಕ್ಕೆ ತಾನಾಗಿ 'ನಿಲ್ಲು' ಸ್ಥಿತಿಗೆ ಬರುತ್ತದೆ. ರಕ್ಷಣೆಯ ಉಪಕರಣವೇ ಕೆಟ್ಟರೂ ಫಲಿತಾಂಶ ಸುರಕ್ಷಿತವಾಗಿರಬೇಕು ಎಂಬುದು ಇಲ್ಲಿನ ತಂತ್ರ.

ಎಲ್‌ಎಚ್‌ಸಿಯಲ್ಲಿ ಸುರಂಗದ ಸುತ್ತ ಬೆಳಕಿನ ತಂತಿಗಳ ಕುಣಿಕೆಗಳಿವೆ. ಅವುಗಳಲ್ಲಿ ಬಿಡುವಿಲ್ಲದೆ ಒಂದು ಸಂಕೇತ ಓಡುತ್ತಿರುತ್ತದೆ. ಅದರ ಅರ್ಥ 'ಎಲ್ಲ ಸರಿ ಇದೆ'. ಅಯಸ್ಕಾಂತಗಳ ವಿದ್ಯುತ್, ನಿರ್ವಾತ, ಶೀತಲೀಕರಣ, ಚದುರಿದ ಪ್ರೋಟಾನ್‌ಗಳನ್ನು ಗಮನಿಸುವ ಸುಮಾರು 4 ಸಾವಿರ ಸಂವೇದಕಗಳು, ಹೀಗೆ ನೂರಕ್ಕೂ ಹೆಚ್ಚು ಕಡೆಯಿಂದ ಒಪ್ಪಿಗೆ ಬರುತ್ತಿದ್ದರೆ ಮಾತ್ರ ಕುಣಿಕೆ ಪೂರ್ತಿಯಾಗಿರುತ್ತದೆ. ಒಬ್ಬರು ಒಪ್ಪಿಗೆ ಹಿಂತೆಗೆದರೂ, ಕರೆಂಟ್ ಹೋದರೂ, ತಂತಿಯೇ ಕತ್ತರಿಸಿದರೂ ಫಲ ಒಂದೇ: ಕಿರಣ ಹೊರಗೆ. ಇಲ್ಲಿ ಯಾರೂ ಕುಳಿತು ಯೋಚಿಸುವುದಿಲ್ಲ. ಮನುಷ್ಯ ಕಣ್ಣು ಮಿಟುಕಿಸುವಷ್ಟರಲ್ಲಿ ಕಿರಣ ಸಾವಿರಕ್ಕೂ ಹೆಚ್ಚು ಸುತ್ತು ಹಾಕಿರುತ್ತದೆ. ಅಪಾಯ ಕಂಡ ಮೇಲೆ ಮೂರು ಸುತ್ತಿನೊಳಗೆ ಕೆಲಸ ಮುಗಿಯಬೇಕು.

ಕಿರಣಕ್ಕೆ ಬ್ರೇಕ್ ಹಾಕಲು ಆಗುವುದಿಲ್ಲ, ಎಸೆಯಬೇಕು ಅಷ್ಟೇ. ಅದಕ್ಕಾಗಿಯೇ ಪ್ರೋಟಾನ್‌ಗಳ ಸಾಲಿನಲ್ಲಿ 3 ಮೈಕ್ರೋಸೆಕೆಂಡಿನಷ್ಟು ಖಾಲಿ ಜಾಗ ಬಿಟ್ಟಿರುತ್ತಾರೆ. ಆ ಸಂದಿನಲ್ಲಿ 15 ಅಯಸ್ಕಾಂತಗಳು ಒಮ್ಮೆಗೇ ಚಾಲೂ ಆಗಿ ಕಿರಣವನ್ನು ಪಕ್ಕದ ಸುರಂಗಕ್ಕೆ ತಳ್ಳುತ್ತವೆ. ಅಲ್ಲಿ ಕಾದಿರುವುದು ಸುಮಾರು 8 ಮೀಟರ್ ಉದ್ದದ ಗ್ರಾಫೈಟ್ ದಿಮ್ಮಿ. ನೇರವಾಗಿ ಒಂದೇ ಕಡೆ ಬಿದ್ದರೆ ದಿಮ್ಮಿಗೂ ತೂತು ಬೀಳುತ್ತದೆ. ಹಾಗಾಗಿ ಬಾಣಲೆಗೆ ಜಿಲೇಬಿ ಹಿಟ್ಟು ಬಿಡುವಂತೆ ಕಿರಣವನ್ನು ಸುತ್ತಿಸಿ ಹರಡುತ್ತಾರೆ.

ಪ್ರತಿ ಸಲವೂ ಯಾವ ಸಂಕೇತ ಮೊದಲು ಕಡಿಯಿತು, ಎಲ್ಲವೂ ಹೇಳಿದ ಕ್ರಮದಲ್ಲೇ ನಡೆಯಿತೇ ಎಂಬ ದಾಖಲೆಯನ್ನು ಪರಿಶೀಲಿಸಿದ ಮೇಲೆಯೇ ಮುಂದಿನ ಕಿರಣ. ಕೆಲವು ಒಪ್ಪಿಗೆಗಳನ್ನು ಪರೀಕ್ಷೆಗೆಂದು ತಾತ್ಕಾಲಿಕವಾಗಿ ಬದಿಗಿಡಬಹುದು. ಆದರೆ ಅದು ಕಿರಣ ತೀರ ದುರ್ಬಲವಾಗಿದ್ದಾಗ ಮಾತ್ರ. ಶಕ್ತಿ ಏರಿದೊಡನೆ ಆ ರಿಯಾಯಿತಿ ತಾನಾಗಿ ರದ್ದಾಗುತ್ತದೆ. ನಮಗೆ ಇಡೀ ವ್ಯವಸ್ಥೆಯಲ್ಲಿ ಬಹಳ ಹಿಡಿಸಿದ್ದು ಇದು. ಮಿಕ್ಸಿಯ ಲಾಕಿಗೆ ಬೆಂಕಿಕಡ್ಡಿ ಸಿಕ್ಕಿಸಿ ಓಡಿಸುವ ಬುದ್ಧಿ ಎಲ್ಲ ದೇಶದಲ್ಲೂ ಇರುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕಟ್ಟಿದ್ದಾರೆ.

ಉಳಿಸಲು ಬಿಸಿ ಮಾಡಬೇಕು

ಕಿರಣಕ್ಕಿಂತ ಹೆಚ್ಚಿನ ಶಕ್ತಿ ಅಡಗಿರುವುದು ಅಯಸ್ಕಾಂತಗಳಲ್ಲಿ. ಕಿರಣವನ್ನು ಬಾಗಿಸುವ 1,232 ಅಯಸ್ಕಾಂತಗಳು ಮೈನಸ್ 271 ಡಿಗ್ರಿಯಲ್ಲಿ, ಸುಮಾರು 12 ಸಾವಿರ ಆಂಪಿಯರ್ ವಿದ್ಯುತ್ತನ್ನು ತಡೆಯೇ ಇಲ್ಲದೆ ಹರಿಸುತ್ತವೆ. ಚೂರು ಬಿಸಿ ತಾಗಿದರೂ ಆ ಜಾಗದ ತಂತಿ ಮಾಮೂಲಿ ತಂತಿಯಂತಾಗಿ ಕಾಯತೊಡಗುತ್ತದೆ. ಇದಕ್ಕೆ ಕ್ವೆಂಚ್ ಎನ್ನುತ್ತಾರೆ. ಅಷ್ಟೂ ವಿದ್ಯುತ್ ಆ ಚಿಕ್ಕ ಜಾಗದಲ್ಲೇ ಶಾಖವಾದರೆ ತಂತಿ ಕರಗುತ್ತದೆ.

ಮಾಡುವ ಉಪಾಯ ಮೊದಲ ಕೇಳಿಕೆಗೆ ವಿಚಿತ್ರ ಎನಿಸುತ್ತದೆ. ಒಂದು ವೋಲ್ಟಿನ ಹತ್ತನೇ ಒಂದು ಪಾಲು ವ್ಯತ್ಯಾಸ 10 ಮಿಲಿಸೆಕೆಂಡ್ ಕಾಲ ಕಂಡರೆ, ಅಯಸ್ಕಾಂತಕ್ಕೆ ಅಂಟಿಸಿರುವ ಹೀಟರ್‌ಗಳು ಚಾಲೂ ಆಗುತ್ತವೆ! ಒಂದೇ ಕಡೆ ಸುಡುವ ಬದಲು ಇಡೀ ಅಯಸ್ಕಾಂತ ಒಟ್ಟಿಗೆ ಸ್ವಲ್ಪ ಸ್ವಲ್ಪ ಬಿಸಿಯಾಗಲಿ ಎಂಬ ಲೆಕ್ಕ. ಈ ಹೀಟರ್‌ಗಳಿಗೆ ವಿದ್ಯುತ್ ಕೊಡುವ ಐದು ಸಾವಿರಕ್ಕೂ ಹೆಚ್ಚು ಪೆಟ್ಟಿಗೆಗಳು ಭಾರತದಿಂದ ಹೋದವು. ಅಯಸ್ಕಾಂತಗಳನ್ನು ಹೊತ್ತು ನಿಂತಿರುವ ಏಳು ಸಾವಿರದಷ್ಟು ಜ್ಯಾಕ್‌ಗಳೂ ನಮ್ಮವೇ, ಅವುಗಳಲ್ಲಿ ಒಂದು ಪಾಲು ಬೆಂಗಳೂರಿನ ಕಾರ್ಖಾನೆಯಲ್ಲಿ ತಯಾರಾದದ್ದು. ಸರ್ನ್ ಅಂಗಳದ ನಟರಾಜನ ಮೂರ್ತಿಯ ಬಗ್ಗೆ ಬರುವಷ್ಟು ಫಾರ್ವರ್ಡ್‌ಗಳು ಈ ಪೆಟ್ಟಿಗೆಗಳ ಬಗ್ಗೆ ಬರುವುದಿಲ್ಲ.

2008ರಲ್ಲಿ ನಿಜಕ್ಕೂ ಆದದ್ದು

ದೊಡ್ಡ ಅಪಘಾತ ಆಗಿದೆ, ಅದನ್ನು ಹೇಳದೆ ಬಿಡುವಂತಿಲ್ಲ. 2008ರ ಸೆಪ್ಟೆಂಬರ್ 10ರಂದು ಯಂತ್ರ ಶುರುವಾಯಿತು. ಒಂಬತ್ತು ದಿನದ ನಂತರ, 19ರಂದು, ಒಂದು ವಲಯದ ಅಯಸ್ಕಾಂತಗಳಿಗೆ ಪರೀಕ್ಷೆಗಾಗಿ ವಿದ್ಯುತ್ ಏರಿಸುತ್ತಿದ್ದರು. ಕಿರಣ ಇರಲಿಲ್ಲ. 8,700 ಆಂಪಿಯರ್ ತಲುಪಿದಾಗ ಎರಡು ಅಯಸ್ಕಾಂತಗಳ ನಡುವಿನ ಒಂದು ಬೆಸುಗೆ ಕೈಕೊಟ್ಟಿತು.

ಆ ಬೆಸುಗೆಯ ದೋಷ ಅಳೆದರೆ ನಗು ಬರುವಷ್ಟು ಚಿಕ್ಕದು. ಇರಬೇಕಾದ ತಡೆ ಒಂದು ನ್ಯಾನೋ ಓಮ್‌ಗಿಂತ ಕಡಿಮೆ, ಇದ್ದದ್ದು ಸುಮಾರು 200 ನ್ಯಾನೋ ಓಮ್. ಅದರಿಂದ ಹುಟ್ಟಿದ ಶಾಖ ಆರಂಭದಲ್ಲಿ ಒಂದು ಎಲ್‌ಇಡಿ ಬಲ್ಬಿನಷ್ಟು, 15 ವ್ಯಾಟ್. ಆದರೆ ಮೈನಸ್ 271 ಡಿಗ್ರಿಯಲ್ಲಿ ಅದು ಬೆಂಕಿಯೇ. ಬೆಸುಗೆ ಬಿಟ್ಟುಕೊಂಡು ವಿದ್ಯುತ್ ಕಿಡಿ ಹಾರಿತು, ಹೀಲಿಯಂ ಕೋಶಕ್ಕೆ ತೂತು ಬಿತ್ತು. ಸುಮಾರು 6 ಟನ್ ಹೀಲಿಯಂ ಹೊರಬಂತು. ಅನಿಲದ ಒತ್ತಡವನ್ನು ಹೊರಬಿಡಲು ಇದ್ದ ಕವಾಟಗಳು ಅಷ್ಟಕ್ಕೆ ಸಾಲಲಿಲ್ಲ, ಹತ್ತಾರು ಟನ್ನಿನ ಅಯಸ್ಕಾಂತಗಳೇ ಜಾಗ ಬಿಟ್ಟು ಸರಿದವು. 53 ಅಯಸ್ಕಾಂತಗಳನ್ನು ಮೇಲೆ ತಂದು ದುರಸ್ತಿ ಮಾಡಬೇಕಾಯಿತು ಇಲ್ಲವೇ ಬದಲಿಸಬೇಕಾಯಿತು. ಸುರಂಗದಲ್ಲಿ ಜನ ಇರಲಿಲ್ಲ, ಯಾರಿಗೂ ಗಾಯವಾಗಲಿಲ್ಲ.

ಇಂಟರ್‌ಲಾಕ್ ಯಾಕೆ ಉಳಿಸಲಿಲ್ಲ? ಅಯಸ್ಕಾಂತಗಳ ಮೇಲೆ ಸೂಕ್ಷ್ಮ ಕಾವಲು ಇತ್ತು. ನಡುವಿನ ಬೆಸುಗೆಗಳ ಮೇಲೆ ಅಷ್ಟು ಸೂಕ್ಷ್ಮ ಕಾವಲು ಇರಲಿಲ್ಲ. ನೋಡದೇ ಇರುವ ಜಾಗವನ್ನು ಯಾವ ಇಂಟರ್‌ಲಾಕೂ ಕಾಯಲಾರದು. ಯಂತ್ರ ಮತ್ತೆ ಶುರುವಾದದ್ದು 2009ರ ನವೆಂಬರ್ 20ರಂದು, ಹದಿನಾಲ್ಕು ತಿಂಗಳ ಬಳಿಕ. ಈಗ ಹತ್ತು ಸಾವಿರ ಬೆಸುಗೆಗಳಿಗೂ ಕಾವಲಿದೆ. ಆದರೂ ಬೆಸುಗೆಗಳನ್ನು ಭದ್ರಪಡಿಸುವವರೆಗೆ ಸರ್ನ್ ಪೂರ್ಣ ಶಕ್ತಿಗೆ ಹೋಗಲಿಲ್ಲ. 2012ರಲ್ಲಿ ಹಿಗ್ಸ್ ಬೋಸಾನ್ ಪತ್ತೆಯಾದದ್ದು ಹಾಗೆ ಅರ್ಧದಷ್ಟು ಶಕ್ತಿಯಲ್ಲಿ ಓಡುತ್ತಿದ್ದಾಗಲೇ.

ರಕ್ಷಣೆಯೂ ಪುಕ್ಕಟೆ ಅಲ್ಲ. 2023ರ ಜುಲೈ 17ರಂದು ದೂರದಲ್ಲೆಲ್ಲೋ ವಿದ್ಯುತ್ ತಂತಿಯ ಮೇಲೆ ಮರ ಬಿತ್ತು. ಕಿರಣಗಳು ಸರಿಯಾಗಿಯೇ ಹೊರಹೋದವು, ಹೀಟರ್‌ಗಳು ಚಾಲೂ ಆದವು. ಆ ಏರಿಳಿತದಲ್ಲಿ ಒಂದು ಕೊಳವೆಯಲ್ಲಿ ಚಿಕ್ಕ ಬಿರುಕು ಬಿಟ್ಟು ಹೀಲಿಯಂ ಸೋರಿತು, ವಾರಗಟ್ಟಲೆ ದುರಸ್ತಿ ಬೇಕಾಯಿತು.

ಇದೆಲ್ಲ ಯಂತ್ರದ ಮಾತು. ಮನುಷ್ಯರ ರಕ್ಷಣೆಗೆ ಬೇರೆಯದೇ ಇಂಟರ್‌ಲಾಕ್ ಇದೆ. ಸುರಂಗಕ್ಕೆ ಇಳಿಯುವವರ ಕಣ್ಣಿನ ಪಾಪೆ ಸ್ಕ್ಯಾನ್ ಆಗುತ್ತದೆ, ಪ್ರತಿಯೊಬ್ಬರೂ ಒಂದು ಕೀಲಿ ತೆಗೆದುಕೊಂಡು ಹೋಗುತ್ತಾರೆ. ಎಲ್ಲ ಕೀಲಿಗಳೂ ತಮ್ಮ ಜಾಗಕ್ಕೆ ಮರಳುವವರೆಗೆ ಕಿರಣ ಬಿಡಲು ಆಗುವುದೇ ಇಲ್ಲ.

2030ರ ಸುಮಾರಿಗೆ ಯಂತ್ರದ ಹೊಸ ರೂಪ ಓಡಲಿದೆ. ಆಗ ಒಂದೊಂದು ಕಿರಣದ ಶಕ್ತಿ ಸುಮಾರು 680 ಮೆಗಾಜೂಲ್, ಅಂದರೆ ಪೂರ್ತಿ ಒಂದು ಸಿಲಿಂಡರ್. ರಕ್ಷಣಾ ವ್ಯವಸ್ಥೆಯನ್ನೂ ಅದಕ್ಕೆ ತಕ್ಕಂತೆ ಬಲಪಡಿಸಲಾಗುತ್ತಿದೆ.