ಗಡಿಯ ಈಚೆ ಹಾರಿದ ಧ್ವಜ, ಗಡಿಯ ಆಚೆ ತಡೆದ ಧ್ವಜ

ಹೊಸೂರಿನಿಂದ ಸ್ವಲ್ಪ ದೂರದಲ್ಲಿರುವ ತೊರಪಲ್ಲಿ ಅಗ್ರಹಾರಕ್ಕೆ ನಾವು ಅಧ್ಯಾಪಕರಾಗಿದ್ದಾಗ ಮಕ್ಕಳನ್ನು ಹಲವು ಬಾರಿ ಕರೆದೊಯ್ದಿದ್ದೇವೆ. ಚಕ್ರವರ್ತಿ ರಾಜಗೋಪಾಲಾಚಾರ್ಯರು 1878ರ ಡಿಸೆಂಬರ್ 10ರಂದು ಹುಟ್ಟಿದ ಊರು ಅದು. ಅವರ ತಂದೆ ಆ ಗ್ರಾಮದ ಮುನ್ಸೀಫರಾಗಿದ್ದರು. ಬಾಲಕ ರಾಜಾಜಿ ಹೊಸೂರಿನ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದರು. ಅನಂತರ ಮದರಾಸಿನಲ್ಲಿ ಕಾನೂನು ಕಲಿತು ಸೇಲಂನಲ್ಲಿ ವಕೀಲಿ ಆರಂಭಿಸಿದರು. ಸ್ವತಂತ್ರ ಭಾರತದ ಏಕೈಕ ಭಾರತೀಯ ಗವರ್ನರ್ ಜನರಲ್ ನಮ್ಮ ಸೀಮೆಯ ಮಣ್ಣಿನಲ್ಲಿ ಆಡಿ ಬೆಳೆದವರೆಂಬುದು ನಮಗೆಲ್ಲ ಹೆಮ್ಮೆಯ ಸಂಗತಿ. ಆದರೆ ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಅವರ ಜೀವನ ಚರಿತ್ರೆಯನ್ನಲ್ಲ. ಅವರು ಮದರಾಸು ಪ್ರಾಂತದ ಪ್ರಧಾನಿಯಾಗಿದ್ದ 1938ರ ಏಪ್ರಿಲ್ ತಿಂಗಳಿನಲ್ಲಿ, ನಮ್ಮ ಗಡಿಯ ಎರಡು ಬದಿಗಳಲ್ಲಿ ಧ್ವಜವೊಂದರ ಸುತ್ತ ನಡೆದ ಘಟನೆಗಳನ್ನು ನೆನೆಯುವುದು ನಮ್ಮ ಉದ್ದೇಶ. ಅದಕ್ಕೊಂದು ಸ್ವಂತ ಕಾರಣವೂ ಉಂಟು; ಅದನ್ನು ಕಡೆಯಲ್ಲಿ ನಿವೇದಿಸುತ್ತೇವೆ.

ಮೊದಲು ಗಡಿಯ ಮಾತು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಹೊಸೂರು ಮೈಸೂರು ರಾಜ್ಯದ ಭಾಗವಾಗಿತ್ತು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್ ಪ್ರದೇಶವು ಕಂಪನಿಯ ವಶವಾಯಿತು. ಘಟ್ಟದ ಮೇಲಿನ ಹೊಸೂರು ಸೀಮೆ ಟಿಪ್ಪುವಿನ ಪತನಾನಂತರ 1799ರಲ್ಲಿ ಅದೇ ದಾರಿ ಹಿಡಿದು ಸೇಲಂ ಜಿಲ್ಲೆಗೆ ಸೇರಿತು. ಹೀಗೆ ಅತ್ತಿಬೆಲೆಯ ಬಳಿ ಒಂದು ಗೆರೆ ಬಿತ್ತು. ಆಚೆ ಮಹಾರಾಜರ ಮೈಸೂರು, ಈಚೆ ಬ್ರಿಟಿಷರ ಮದರಾಸು. ಜನರ ಮಾತಾಗಲಿ, ಸಂತೆಯಾಗಲಿ, ಬೀಗತನವಾಗಲಿ ಈ ಗೆರೆಯನ್ನು ಲೆಕ್ಕಿಸಲಿಲ್ಲ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಜಗುಲಿಯಲ್ಲಿ ಕುಳಿತು ಮಾತನಾಡಿದವು. ಆದರೆ ಕಾನೂನು ಮಾತ್ರ ಗೆರೆಯನ್ನು ಬಲವಾಗಿ ನೆನಪಿಟ್ಟುಕೊಂಡಿತ್ತು. ಈಚೆ ತಪ್ಪಲ್ಲದ್ದು ಆಚೆ ತಪ್ಪಾಗಬಹುದಾಗಿತ್ತು. ಧ್ವಜದ ವಿಷಯದಲ್ಲಿ ಆದದ್ದೂ ಅದೇ.

ಕೇಸರಿ, ಬಿಳಿ, ಹಸಿರು ಪಟ್ಟಿಗಳ ನಡುವೆ ಚರಕವಿದ್ದ ಧ್ವಜವನ್ನು ಕಾಂಗ್ರೆಸ್ 1931ರಲ್ಲಿ ಅಂಗೀಕರಿಸಿತು. ಅದಕ್ಕೂ ಮುನ್ನ 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರೂ ಅವರ ಸ್ವಯಂಸೇವಕರೂ ಸೆರೆಮನೆ ಕಂಡಿದ್ದರು. ಧ್ವಜಕ್ಕಾಗಿ ಸೆರೆಮನೆಗೆ ಹೋಗುವ ಪಾಠ ಕನ್ನಡಿಗರಿಗೆ ಹೊಸದೇನಾಗಿರಲಿಲ್ಲ. 1937ರ ಚುನಾವಣೆಯ ತರುವಾಯ ಜುಲೈ ತಿಂಗಳಿನಲ್ಲಿ ರಾಜಾಜಿ ಮದರಾಸಿನಲ್ಲಿ ಮಂತ್ರಿಮಂಡಲ ರಚಿಸಿದರು. ಅಲ್ಲಿಂದ ಮುಂದೆ ಹೊಸೂರು ಸೀಮೆಯಲ್ಲಿ ಆ ಧ್ವಜ ಆಳುವ ಪಕ್ಷದ ಧ್ವಜವಾಯಿತು. ಅದನ್ನು ಹಿಡಿದು ನಡೆಯುವವನಿಗೆ ಪೊಲೀಸರ ಭಯವಿರಲಿಲ್ಲ.

ಅತ್ತಿಬೆಲೆಯ ಆಚೆ ಸ್ಥಿತಿ ಬೇರೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಸರ್ ಮಿರ್ಜಾ ಇಸ್ಮಾಯಿಲರ ದಿವಾನಗಿರಿ. ವಿದ್ಯುತ್ತು, ನೀರಾವರಿ, ಶಿಕ್ಷಣ, ಕೈಗಾರಿಕೆಗಳಲ್ಲಿ ಮೈಸೂರು ಮಾದರಿ ಸಂಸ್ಥಾನವೆಂದು ಹೆಸರು ಪಡೆದಿತ್ತು. ಆ ಹೆಸರು ಸುಳ್ಳೂ ಅಲ್ಲ. ಆದರೆ ಸಂಸ್ಥಾನಕ್ಕೆ ಗಂಡಭೇರುಂಡ ಲಾಂಛನದ ತನ್ನದೇ ಧ್ವಜವಿತ್ತು. ಇನ್ನೊಂದು ಧ್ವಜ ಅದರ ನೆಲದಲ್ಲಿ ಏರುವುದೆಂದರೆ ಅರಮನೆಯ ಅಧಿಕಾರಕ್ಕೆ ಸವಾಲು ಹಾಕಿದಂತೆ ಎಂಬುದು ಅಧಿಕಾರಿಗಳ ಭಾವನೆ. ಪ್ರಜೆಗಳ ಭಾವನೆ ಬೇರೆಯಾಗಿತ್ತು. ಮಹಾರಾಜರನ್ನು ಮನಸಾರೆ ಗೌರವಿಸುತ್ತಲೇ, ತಾವು ದೊಡ್ಡ ದೇಶವೊಂದಕ್ಕೂ ಸೇರಿದವರೆಂದು ಹೇಳುವ ಹಂಬಲ ಅವರದು.

ಪ್ರಜಾ ಸಂಯುಕ್ತ ಪಕ್ಷವು ಕಾಂಗ್ರೆಸ್ಸಿನಲ್ಲಿ ಲೀನವಾದ ಮೇಲೆ, ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನವನ್ನು ಮದ್ದೂರಿನ ಪಕ್ಕದ ಶಿವಪುರದಲ್ಲಿ ನಡೆಸಲು ನಿಶ್ಚಯವಾಯಿತು. ಟಿ. ಸಿದ್ದಲಿಂಗಯ್ಯನವರು ಅಧ್ಯಕ್ಷರು. ಧ್ವಜಾರೋಹಣ ಮಾಡಬಾರದೆಂದು ಸರಕಾರದ ನಿಷೇಧಾಜ್ಞೆ ಹೊರಟಿತು. 1938ರ ಏಪ್ರಿಲ್ 11ರಂದು ಹಳ್ಳಿಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು, ಬುತ್ತಿ ಕಟ್ಟಿಕೊಂಡು ಬಂದ ಸಾವಿರಾರು ಜನರ ಎದುರಿನಲ್ಲಿ ಆಜ್ಞೆಯನ್ನು ಮೀರಿ ಧ್ವಜವನ್ನೆತ್ತಲಾಯಿತು. ಅಧ್ಯಕ್ಷರು ಬಂಧನಕ್ಕೊಳಗಾದರು. ಅವರ ಬಳಿಕ ಎಂ. ಎನ್. ಜೋಯಿಸರು, ಅವರ ಬಳಿಕ ಮತ್ತೊಬ್ಬರು. ಒಬ್ಬರು ಸೆರೆಯಾದಂತೆ ಇನ್ನೊಬ್ಬರು ಮುಂದೆ ಬಂದರು. ಆ ಮೂರು ದಿನಗಳಲ್ಲಿ ಅಷ್ಟು ದೊಡ್ಡ ಜನಸ್ತೋಮ ಸೇರಿದ್ದರೂ ಒಂದು ಜೀವವೂ ಹೋಗಲಿಲ್ಲ. ಅದು ಸತ್ಯಾಗ್ರಹಿಗಳ ಸಂಯಮಕ್ಕೆ ಸಂದ ಗೌರವ. ಅಂದು ಅಲ್ಲಿದ್ದ ಅಧಿಕಾರಿಗಳ ವಿವೇಕಕ್ಕೂ ಅದರಲ್ಲಿ ಪಾಲಿದೆ ಎನ್ನುವುದು ನ್ಯಾಯ.

ಶಿವಪುರದ ಸುದ್ದಿ ಊರೂರಿಗೆ ಹಬ್ಬಿತು. ಎಲ್ಲ ಕಡೆಯೂ ಧ್ವಜ ಏರಿಸುವ ಉತ್ಸಾಹ, ಎಲ್ಲ ಕಡೆಯೂ ಅದೇ ನಿಷೇಧ. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರು ತಾಲ್ಲೂಕಿನಲ್ಲಿ, ಉತ್ತರ ಪಿನಾಕಿನಿಯ ದಡದಲ್ಲಿ, ವಿದುರಾಶ್ವತ್ಥವೆಂಬ ಕ್ಷೇತ್ರವಿದೆ. ಮಹಾಭಾರತದ ವಿದುರನು ನೆಟ್ಟ ಅಶ್ವತ್ಥವೃಕ್ಷ ಅಲ್ಲಿತ್ತೆಂದು ಜನರ ನಂಬಿಕೆ. ಸಂತಾನವನ್ನು ಬೇಡಿಕೊಂಡವರು ಪ್ರತಿಷ್ಠಾಪಿಸಿದ ನಾಗರಕಲ್ಲುಗಳು ಆ ಮರದ ಸುತ್ತ ಸಾಲುಸಾಲಾಗಿ ನಿಂತಿವೆ. ಏಪ್ರಿಲ್ 25ರಂದು ಅಲ್ಲಿ ಜಾತ್ರೆಗೆ ನೆರೆದ ಜನರ ನಡುವೆ ಧ್ವಜಾರೋಹಣದ ಸಭೆ ಸೇರಿತು. ಪೊಲೀಸರು ತಡೆದರು, ಮುಂದಾಳುಗಳನ್ನು ಹಿಡಿದರು. ಮಾತಿಗೆ ಮಾತು ಬೆಳೆಯಿತು, ಲಾಠಿ ಬೀಸಿತು, ಕಲ್ಲು ತೂರಿತು. ಕೊನೆಗೆ ಬಂದೂಕು ಸಿಡಿಯಿತು. ಸತ್ತವರು ಮೂವತ್ತಕ್ಕೂ ಮಿಕ್ಕಿ ಎಂಬುದು ಜನರ ಲೆಕ್ಕ. ಸರಕಾರ ಒಪ್ಪಿಕೊಂಡ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ. ಮಡಿದವರಲ್ಲಿ ಗರ್ಭಿಣಿಯೊಬ್ಬಳೂ ಇದ್ದಳೆಂದು ಆ ಭಾಗದ ಹಿರಿಯರು ಹೇಳುತ್ತ ಬಂದಿದ್ದಾರೆ. ಮಕ್ಕಳ ಭಾಗ್ಯ ಬೇಡಲು ಬರುವ ತಾಣದಲ್ಲಿ ಹೀಗಾಯಿತೆಂಬುದನ್ನು ನೆನೆದರೆ ಈಗಲೂ ಮನಸ್ಸು ಮುದುಡುತ್ತದೆ. ಆ ಕ್ಷೇತ್ರವನ್ನು ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂದು ಕರೆಯುವುದು ಇದೇ ಕಾರಣದಿಂದ.

ಶಿವಪುರಕ್ಕೂ ವಿದುರಾಶ್ವತ್ಥಕ್ಕೂ ನಡುವೆ ಹದಿನಾಲ್ಕು ದಿನಗಳಿದ್ದವು. ಈ ಹದಿನಾಲ್ಕು ದಿನಗಳ ಮೇಲೆ ನಮ್ಮ ಗಮನ ಮತ್ತೆ ಮತ್ತೆ ಹೋಗುತ್ತದೆ. ಧ್ವಜ ಏರಿದರೂ ಅರಮನೆ ಬೀಳುವುದಿಲ್ಲವೆಂದು ಶಿವಪುರ ತೋರಿಸಿಕೊಟ್ಟಿತ್ತು. ಆ ಅವಧಿಯಲ್ಲಿ ಎರಡು ಪಕ್ಷದ ಹಿರಿಯರು ಒಂದೆಡೆ ಕುಳಿತು ಮಾತನಾಡಿದ್ದರೆ ವಿದುರಾಶ್ವತ್ಥದ ಜಾತ್ರೆ ಜಾತ್ರೆಯಾಗಿಯೇ ಮುಗಿಯುತ್ತಿತ್ತು. ಇದು ಕೇವಲ ನಮ್ಮ ಊಹೆಯಲ್ಲ. ದುರಂತದ ಬೆನ್ನಿಗೆ ವಲ್ಲಭಭಾಯಿ ಪಟೇಲರು ಮತ್ತು ಆಚಾರ್ಯ ಕೃಪಲಾನಿಯವರು ಬೆಂಗಳೂರಿಗೆ ಬಂದು ದಿವಾನರೊಡನೆ ಮಾತನಾಡಿದಾಗ ಒಪ್ಪಂದಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ. ಮೈಸೂರು ಕಾಂಗ್ರೆಸ್ಸಿಗೆ ಮನ್ನಣೆ ದೊರೆಯಿತು. ಸಮಾರಂಭಗಳಲ್ಲಿ ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ ಧ್ವಜವೂ ಹಾರಬಹುದು. ಪಕ್ಷದ ಸ್ವಂತ ಸಭೆಗಳಲ್ಲಿ ಅದೊಂದೇ ಹಾರಬಹುದು ಎಂದಾಯಿತು. ಇದೇ ಪಟೇಲ್-ಮಿರ್ಜಾ ಒಪ್ಪಂದ. ಗೋಲೀಬಾರಿನ ವಿಚಾರಣೆಗೆ ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ವೇಪ ರಾಮೇಶಂ ಅವರ ಸಮಿತಿ ನೇಮಕವಾಯಿತು. ಎರಡು ಕಂಬ ನೆಡುವಷ್ಟು ಸರಳವಾದ ಪರಿಹಾರ. ಆದರೆ ಅದು ದೊರೆತದ್ದು ಚಿತೆಗಳು ಆರಿದ ಮೇಲೆ.

ಇನ್ನು ಗಡಿಯ ಈಚೆ ಎಲ್ಲವೂ ಶಾಂತವಾಗಿತ್ತೆಂದು ಭಾವಿಸಬಾರದು. ಅದೇ 1938ರ ಏಪ್ರಿಲ್ 21ರಂದು, ಎಂದರೆ ವಿದುರಾಶ್ವತ್ಥದ ಘಟನೆಗೆ ನಾಲ್ಕು ದಿನ ಮುಂಚೆ, ರಾಜಾಜಿ ಸರಕಾರವು 125 ಪ್ರೌಢಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿ ಆದೇಶ ಹೊರಡಿಸಿತು. ತಮಿಳುನಾಡಿನಲ್ಲಿ ದೊಡ್ಡ ಚಳವಳಿಯೇ ಎದ್ದಿತು. ತೊರಪಲ್ಲಿಯ ಮಗ ಹೋದೆಡೆಯಲ್ಲಿ ಕಪ್ಪು ಬಾವುಟಗಳು ಎದ್ದವು. ತ್ರಿವರ್ಣ ಧ್ವಜಕ್ಕಾಗಿ ಸೆರೆವಾಸ ಅನುಭವಿಸಿದವರೇ ಇನ್ನೊಂದು ಬಾವುಟ ಹಿಡಿದವರನ್ನು ಸೆರೆಗೆ ಕಳುಹಿಸಬೇಕಾಗಿ ಬಂತು. ಒಂದೇ ತಿಂಗಳಲ್ಲಿ, ಒಂದೇ ಗಡಿಯ ಎರಡು ಕಡೆಗಳಲ್ಲಿ, ಬಟ್ಟೆಯ ತುಂಡೊಂದು ಕಲಿಸಿದ ಪಾಠ ಇದು: ಧ್ವಜವನ್ನು ಕಾಣುವ ಕಣ್ಣು ಅಧಿಕಾರದ ಪೀಠದಲ್ಲಿ ಕುಳಿತಾಗ ಒಂದು ಬಗೆ, ಅಂಗಳದಲ್ಲಿ ನಿಂತಾಗ ಇನ್ನೊಂದು ಬಗೆ.

1947ರ ಜುಲೈ 22ರಂದು ಸಂವಿಧಾನ ಸಭೆಯು ಚರಕದ ಸ್ಥಾನದಲ್ಲಿ ಅಶೋಕಚಕ್ರವನ್ನಿರಿಸಿ ರಾಷ್ಟ್ರಧ್ವಜವನ್ನು ಅಂಗೀಕರಿಸಿತು. ಪಕ್ಷದ ಧ್ವಜವಾಗಿ ವಿವಾದಕ್ಕೊಳಗಾಗಿದ್ದ ತ್ರಿವರ್ಣ ಎಲ್ಲರದಾಯಿತು. ಅದರ ಅಧಿಕೃತ ಖಾದಿ ಧ್ವಜಗಳು ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರ ನವೆಂಬರ್ 1ರಂದು ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ತಯಾರಾಗಿ ದೇಶದ ಉದ್ದಗಲಕ್ಕೂ ಹೋಗುತ್ತವೆ. ಇನ್ನು ಮ. ರಾಮಮೂರ್ತಿಯವರು ರೂಪಿಸಿದ ಅರಿಶಿನ ಕುಂಕುಮ ಬಣ್ಣದ ಬಾವುಟ 1960ರ ದಶಕದಿಂದ ಕನ್ನಡಿಗರ ಮನೆಮನದ ಬಾವುಟವಾಗಿದೆ. 2018ರ ಮಾರ್ಚ್ ತಿಂಗಳಿನಲ್ಲಿ ಕರ್ನಾಟಕ ಸರಕಾರವು ಹಳದಿ ಮತ್ತು ಕೆಂಪಿನ ನಡುವೆ ಬಿಳಿ ಪಟ್ಟಿ, ಅದರಲ್ಲಿ ಗಂಡಭೇರುಂಡವಿರುವ ನಾಡಧ್ವಜವನ್ನು ಪ್ರಕಟಿಸಿದಾಗಲೂ, ರಾಷ್ಟ್ರಕ್ಕೆ ಒಂದು, ನಾಡಿಗೆ ಒಂದು ಇರಬಹುದೇ ಎಂಬ ಹಳೆಯ ಪ್ರಶ್ನೆಯೇ ಹೊಸ ರೂಪದಲ್ಲಿ ಎದ್ದಿತು.

ಈಗ ನಮ್ಮ ಸ್ವಂತ ಕಾರಣವನ್ನು ಹೇಳುತ್ತೇವೆ. ಬಹಳ ವರ್ಷಗಳ ಹಿಂದೆ ಈ ಗಡಿಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾವು ಮುಖ್ಯೋಪಾಧ್ಯಾಯರಾಗಿದ್ದೆವು. ನವೆಂಬರ್ ಒಂದರ ಬೆಳಿಗ್ಗೆ ಶಾಲೆಗೆ ಬಂದಾಗ, ರಾಷ್ಟ್ರಧ್ವಜ ಏರಿಸುವ ಕಂಬದಲ್ಲಿ ಹಳದಿ ಕೆಂಪು ಬಾವುಟ ಹಾರಾಡುತ್ತಿತ್ತು. ಹಳೆಯ ವಿದ್ಯಾರ್ಥಿಗಳು ರಾತ್ರಿ ಕಟ್ಟಿದ್ದರು. ಬೇಲಿಯ ಹೊರಗೆ ಕೆಲವು ಯುವಕರು ಗುಂಪುಗೂಡಿ ಏರುದನಿಯಲ್ಲಿ ಮಾತನಾಡುತ್ತಿದ್ದರು. ನಮಗೆ ಭಯವಾಯಿತು. ಯಾರನ್ನೂ ಕೇಳದೆ ಹಗ್ಗ ಬಿಚ್ಚಿ ಬಾವುಟವನ್ನು ಇಳಿಸಿ, ಮಡಿಸಿ, ಬೀರುವಿನಲ್ಲಿ ಇಟ್ಟುಬಿಟ್ಟೆವು. ಗುಂಪು ಚದುರಿತು. ಏಳನೆಯ ತರಗತಿಯ ಹುಡುಗನೊಬ್ಬ ಬಳಿಗೆ ಬಂದು, "ಮೇಷ್ಟ್ರೇ, ನಮ್ಮ ಬಾವುಟ ಏನು ತಪ್ಪು ಮಾಡಿತ್ತು?" ಎಂದು ಕೇಳಿದ. "ಮೇಲಿನವರ ಆದೇಶ, ಹೋಗಪ್ಪಾ" ಎಂದೆವು. ಯಾವ ಆದೇಶವೂ ಇರಲಿಲ್ಲ. ಮಕ್ಕಳಿಗೆ ಸತ್ಯ ಹೇಳಿಕೊಡಬೇಕಾದವರು ಅಂದು ಸುಳ್ಳು ಹೇಳಿದೆವು.

ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರ ಇಷ್ಟೇ. ಬಾವುಟ ಯಾವ ತಪ್ಪನ್ನೂ ಮಾಡಿರಲಿಲ್ಲ. ಕಂಬ ಮಾತ್ರ ತಪ್ಪಾಗಿತ್ತು. ರಾಷ್ಟ್ರಧ್ವಜದ ಸ್ತಂಭದಲ್ಲಿ ಬೇರೆ ಧ್ವಜವನ್ನು ಕಟ್ಟುವುದು ಧ್ವಜ ಮರ್ಯಾದೆಗೆ ಸಲ್ಲದು. ಜೊತೆಗೆ ಆ ಶಾಲೆ ತಮಿಳು ಮತ್ತು ತೆಲುಗು ಮನೆಗಳ ಮಕ್ಕಳದೂ ಆಗಿತ್ತು. ಹೊರಗೆ ನಿಂತಿದ್ದ ಯುವಕರಲ್ಲಿ ಇಬ್ಬರು ನಮ್ಮಲ್ಲೇ ಓದಿದವರು. ಅವರನ್ನು ಒಳಗೆ ಕರೆದು, ಬಾವುಟ ಕಟ್ಟಿದವರನ್ನೂ ಕರೆಸಿ, ಎಲ್ಲರ ಎದುರಿನಲ್ಲಿ ಇದನ್ನು ತಿಳಿಹೇಳಿ, ಕನ್ನಡ ಮನೆಯೊಂದರ ಅಂಗಳದಲ್ಲಿ ಬೇರೊಂದು ಬಿದಿರು ಗಳವನ್ನು ನೆಟ್ಟು ಬಾವುಟವನ್ನು ಗೌರವದಿಂದ ಏರಿಸಬಹುದಾಗಿತ್ತು. ಮಾರನೆಯ ವರ್ಷ ಹಾಗೆಯೇ ಮಾಡಿದೆವು. ಆ ಯುವಕರಲ್ಲಿ ಒಬ್ಬನೇ ಗಳಕ್ಕೆ ಗುಂಡಿ ತೋಡಿಕೊಟ್ಟ. ಆದರೆ ಪ್ರಶ್ನೆ ಕೇಳಿದ ಹುಡುಗ ಅಷ್ಟರಲ್ಲಿ ಬೇರೆ ಊರಿನ ಶಾಲೆಗೆ ಸೇರಿದ್ದ. ಅವನಿಗೆ ಉತ್ತರ ಹೇಳುವ ಅವಕಾಶ ನಮಗೆ ಸಿಗಲಿಲ್ಲ.

ಹೊರನಾಡಿನಲ್ಲಿ ಕನ್ನಡವನ್ನು ಉಳಿಸಿಕೊಳ್ಳಬೇಕೆನ್ನುವ ನಮ್ಮಂಥವರು ಬಾವುಟವನ್ನು ಬಚ್ಚಿಡಲೂ ಬಾರದು, ನೆರೆಯವನ ಕಣ್ಣಿಗೆ ಚುಚ್ಚುವಂತೆ ನೆಡಲೂ ಬಾರದು. ಬಚ್ಚಿಟ್ಟರೆ ಮಕ್ಕಳು ತಾಯ್ನುಡಿಯನ್ನು ತಪ್ಪೆಂದು ತಿಳಿಯುತ್ತಾರೆ. ಚುಚ್ಚಿದರೆ ನಮ್ಮ ಮೊಮ್ಮಕ್ಕಳು ಅದೇ ಬೀದಿಯಲ್ಲಿ ನಡೆದಾಡಲು ಅಂಜಬೇಕಾಗುತ್ತದೆ. ಎಲ್ಲಿ, ಯಾವಾಗ, ಯಾರ ಜೊತೆಯಲ್ಲಿ ಎಂಬುದನ್ನು ಮುಂಚೆಯೇ ಮಾತನಾಡಿಕೊಳ್ಳುವುದು ಅಂಜುಬುರುಕತನವಲ್ಲ. ಶಿವಪುರದ ಬಳಿಕ ಹದಿನಾಲ್ಕು ದಿನ ನಡೆಯದೆ ಹೋದದ್ದು ಆ ಮಾತುಕತೆಯೇ.

ಈ ಸಲದ ಸಾಹಿತ್ಯ ಸಮ್ಮೇಳನದ ದಿನ ಸಭಾಂಗಣದ ಮುಂದೆ ಕನ್ನಡ ಬಾವುಟ ಏರುವಾಗ, ಅಕ್ಕಪಕ್ಕದ ತಮಿಳು, ತೆಲುಗು ನೆರೆಹೊರೆಯವರನ್ನು ಒಂದು ದಿನ ಮುಂಚೆಯೇ ಮನೆಗೆ ಹೋಗಿ ಆಮಂತ್ರಿಸಿ ಬರಬೇಕೆಂದು ಸಂಘದ ಸದಸ್ಯರಲ್ಲಿ ನಮ್ಮ ವಿನಂತಿ. ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ. ಅವರು ಏನಾದರೂ ಪ್ರಶ್ನೆ ಕೇಳಿದರೆ ನಿಜವಾದ ಉತ್ತರ ಹೇಳಿರಿ.