ಈಜುಕೊಳಕ್ಕೆ ಇಳಿಯುವ ದಾರಿ

ನೀವು ಕಂಡಿರುವ ಹಳೆಯ ಈಜುಕೊಳವೊಂದನ್ನು ನೆನಪಿಸಿಕೊಳ್ಳಿ. ಅದಕ್ಕೆ ಇಳಿಯಲು ಏನಿತ್ತು? ಬಹುಶಃ ಗೋಡೆಗೆ ಅಂಟಿದ, ನೆಟ್ಟಗೆ ನಿಂತ ಲೋಹದ ಏಣಿ. ಕಾಲಿನಲ್ಲಿ ಬಲವಿಲ್ಲದವರು ಅದನ್ನು ಬಳಸುವುದು ಹೇಗೆ? ಈ ಪ್ರಶ್ನೆಗೆ ಒಂದು ಸ್ವಾರಸ್ಯಕರ ಇತಿಹಾಸವಿದೆ.

ಅಮೆರಿಕದ ಫ್ರಾಂಕ್ಲಿನ್ ರೂಸ್‌ವೆಲ್ಟ್ 1921ರಲ್ಲಿ, ತಮ್ಮ 39ನೆಯ ವಯಸ್ಸಿನಲ್ಲಿ, ಕಾಲುಗಳ ಸ್ವಾಧೀನ ಕಳೆದುಕೊಂಡರು. ಆಗಿನ ವೈದ್ಯರು ಅದನ್ನು ಪೋಲಿಯೊ ಎಂದರು. 1924ರಲ್ಲಿ ಅವರು ಜಾರ್ಜಿಯ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್ ಎಂಬ ಊರಿಗೆ ಹೋದರು. ಅಲ್ಲೊಂದು ಹಳೆಯ, ಶಿಥಿಲವಾಗುತ್ತಿದ್ದ ವಿಹಾರಧಾಮ. ಅದರ ಕೊಳಕ್ಕೆ ಸುಮಾರು 31 ಡಿಗ್ರಿ ಸೆಲ್ಸಿಯಸ್‌ ಉಷ್ಣತೆಯ ಬುಗ್ಗೆಯ ನೀರು. ಬೆಟ್ಟದ ಮೇಲೆ ಬಿದ್ದ ಮಳೆನೀರು ಶಿಲೆಯ ಬಿರುಕುಗಳಲ್ಲಿ ಆಳಕ್ಕಿಳಿದು, ಭೂಮಿಯ ಒಳಶಾಖದಿಂದ ಕಾದು ಮೇಲೆ ಬರುತ್ತಿತ್ತು.

ಆ ನೀರಿನಲ್ಲಿ ರೂಸ್‌ವೆಲ್ಟ್ ನಿಲ್ಲಬಲ್ಲವರಾದರು. ಇದು ಪವಾಡವಲ್ಲ, ಆರ್ಕಿಮಿಡೀಸನ ತತ್ತ್ವ. ನಮ್ಮ ದೇಹ ಸ್ಥಳಾಂತರಿಸಿದ ನೀರಿನ ತೂಕದಷ್ಟೇ ಬಲ ಮೇಲ್ಮುಖವಾಗಿ ವರ್ತಿಸುತ್ತದೆ. 60 ಕಿಲೋಗ್ರಾಂ ತೂಗುವವರು ಸೊಂಟದವರೆಗೆ ನೀರಿನಲ್ಲಿ ನಿಂತರೆ ಕಾಲಿನ ಮೇಲಿನ ಹೊರೆ ಸುಮಾರು 30 ಕಿಲೋಗ್ರಾಂಗೆ ಇಳಿಯುತ್ತದೆ. ಕುತ್ತಿಗೆಯವರೆಗೆ ನಿಂತರೆ ಸುಮಾರು 6ಕ್ಕೆ. ಬೆಚ್ಚಗಿನ ನೀರಾದ್ದರಿಂದ ನಡುಕವಿಲ್ಲದೆ ಬಹಳ ಹೊತ್ತು ವ್ಯಾಯಾಮ ಮಾಡಬಹುದಿತ್ತು.

ಸುದ್ದಿ ಹರಡಿ ಬೇರೆ ರೋಗಿಗಳೂ ಬಂದರು. ವಿಹಾರಕ್ಕೆ ಬಂದಿದ್ದ ಕೆಲವರು ಸೋಂಕಿನ ಭಯದಿಂದ ಅವರೊಡನೆ ಕೊಳ ಹಂಚಿಕೊಳ್ಳಲು ಒಪ್ಪಲಿಲ್ಲ. ರೂಸ್‌ವೆಲ್ಟ್ 1926ರಲ್ಲಿ ಆ ಸ್ಥಳವನ್ನೇ ಕೊಂಡರು. ಕಟ್ಟಡಗಳಿಗೆ ಇಳಿಜಾರು ದಾರಿಗಳು, ನೀರಿನೊಳಗೆ ಹಿಡಿಕಂಬಿಗಳು, ರೋಗಿಗಳು ಮಲಗಿ ವ್ಯಾಯಾಮ ಮಾಡಲು ಮುಳುಗಿದ ಮೇಜುಗಳು ಬಂದವು. ರೂಸ್‌ವೆಲ್ಟರ ಕಾಲುಗಳು ಮಾತ್ರ ಕೊನೆಯವರೆಗೂ ಗುಣವಾಗಲಿಲ್ಲ. ಅವರು ಹುಡುಕಿದ್ದು ಚಿಕಿತ್ಸೆಯನ್ನು; ಉಳಿದುಬಂದದ್ದು, ಕಟ್ಟಡವೇ ಮನುಷ್ಯನಿಗೆ ಹೊಂದಿಕೊಳ್ಳಬೇಕೆಂಬ ಪಾಠ.

ಆ ಪಾಠವೂ ಅಪೂರ್ಣವೇ. ಕಪ್ಪು ಜನಾಂಗದ ರೋಗಿಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅವರಿಗಾಗಿ 1941ರಲ್ಲಿ ಟಸ್ಕೆಗಿಯಲ್ಲಿ ಬೇರೊಂದು ಕೇಂದ್ರ ತೆರೆಯಬೇಕಾಯಿತು. ಮೆಟ್ಟಿಲು ತೆಗೆದ ಮಾತ್ರಕ್ಕೆ ಬಾಗಿಲು ಎಲ್ಲರಿಗೂ ತೆರೆದಂತಲ್ಲ!

ಒಬ್ಬರ ಔದಾರ್ಯದ ಮೇಲೆ ನಿಂತಿದ್ದ ಅನುಕೂಲ ಹಕ್ಕಾಗಲು ದಶಕಗಳೇ ಬೇಕಾದವು. ಅಂಗವಿಕಲರ ದೀರ್ಘ ಹೋರಾಟದ ನಂತರ 1990ರಲ್ಲಿ ಅಮೆರಿಕ ಕಾನೂನು ಮಾಡಿತು. ಈಜುಕೊಳಗಳ ನಿಯಮಗಳು ಸೇರಿದ್ದು 2010ರ ಮಾನಕಗಳಲ್ಲಿ. ಅವುಗಳಂತೆ, ಸುತ್ತಳತೆ ಸುಮಾರು 91 ಮೀಟರ್ ಅಥವಾ ಹೆಚ್ಚಿರುವ ಕೊಳಕ್ಕೆ ಇಂಥ ಎರಡು ಪ್ರವೇಶಗಳಿರಬೇಕು. ಅವುಗಳಲ್ಲಿ ಒಂದಾದರೂ ಇಳಿಜಾರು ದಾರಿ ಇಲ್ಲವೇ ಕುರ್ಚಿಯಲ್ಲಿ ಕೂರಿಸಿ ನೀರಿಗಿಳಿಸುವ ಲಿಫ್ಟ್ ಆಗಿರಬೇಕು.

ಲಿಫ್ಟ್ ಏಕೆ? ಲೆಕ್ಕ ಹಾಕಿ ನೋಡಿ. ಇಳಿಜಾರು 12ಕ್ಕೆ 1ಕ್ಕಿಂತ ಕಡಿದಾಗಿರಬಾರದು. ಅಂದರೆ 75 ಸೆಂಟಿಮೀಟರ್ ಆಳಕ್ಕೆ ಇಳಿಯಲು 9 ಮೀಟರ್ ಉದ್ದದ ದಾರಿ ಬೇಕು! ಹೊಸ ಕೊಳದಲ್ಲಿ ಇದನ್ನು ನಕ್ಷೆಯಲ್ಲೇ ಸೇರಿಸಬಹುದು. ಹಳೆಯ ಕೊಳದಲ್ಲಾದರೆ ಕಾಂಕ್ರೀಟ್ ಒಡೆಯಬೇಕು, ನೀರು ಸೋರದಂತೆ ಮತ್ತೆ ಭದ್ರಪಡಿಸಬೇಕು, ಇಲ್ಲವೇ ಈಜುವ ಜಾಗವನ್ನೇ ಬಿಟ್ಟುಕೊಡಬೇಕು. ದಂಡೆಯ ಮೇಲೆ ಕೂರಿಸಿದ ಲಿಫ್ಟಿಗೆ ಇಷ್ಟು ಜಾಗ ಬೇಡ.

ಭಾರತದಲ್ಲಿಯೂ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ, ಹಳೆಯ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಪ್ರಕಟವಾದ ಐದು ವರ್ಷಗಳೊಳಗೆ ಎಲ್ಲರಿಗೂ ಸುಗಮವಾಗಿಸಬೇಕು ಎಂದಿತು. ನಿಯಮಗಳು ಬಂದದ್ದು 2017ರಲ್ಲಿ.

ಮುಂದಿನ ಸಲ ಈಜುಕೊಳಕ್ಕೆ ಹೋದಾಗ ವಿದ್ಯಾರ್ಥಿಗಳೊಡನೆ ಅಳತೆಪಟ್ಟಿ ಒಯ್ಯಿರಿ. ಆಳ ಅಳೆಯಿರಿ, ಇಳಿಜಾರಿನ ಉದ್ದ ಲೆಕ್ಕ ಹಾಕಿ, ಗಾಲಿಕುರ್ಚಿ ಹೊರಬಾಗಿಲಿನಿಂದ ದಂಡೆಯವರೆಗೆ ಬರಬಲ್ಲದೇ ನೋಡಿ. ನೀರು ಯಾರ ಭಾರವನ್ನೂ ಹಗುರ ಮಾಡುತ್ತದೆ. ಅಲ್ಲಿಯವರೆಗೆ ತಲುಪಿಸುವ ಹೊಣೆ ನಮ್ಮದು.