ಎಚ್‌ಆರ್ ಓದಿಗೂ ನಮ್ಮ ತೋಟಕ್ಕೂ ಏನು ಸಂಬಂಧ?

ನರಸಿಂಹರಾಜಪುರ, ಕೊಪ್ಪ ಕಡೆಯವರು ಎಂಎಸ್‌ಡಬ್ಲ್ಯೂ ಸೇರಿ ಮಾನವ ಸಂಪನ್ಮೂಲ ವಿಷಯ ತೆಗೆದುಕೊಂಡರೆ, ಮುಂದಿನ ಊರು ಬೆಂಗಳೂರು ಎಂದೇ ಲೆಕ್ಕ. ಆದರೆ ಈ ಓದು ಹುಟ್ಟಿದ್ದು ಐಟಿ ಕಂಪನಿಗಳಿಗಾಗಿ ಅಲ್ಲ.

ಬ್ರಿಟಿಷರ ಕಾಲದಲ್ಲಿ ಆಳು ಕರೆತರುವವನು ಗಿರಣಿಯಲ್ಲಿ ಜಾಬರ್, ನಮ್ಮ ಕಾಫಿ ತೋಟದಲ್ಲಿ ಮೇಸ್ತ್ರಿ. ಗಿರಣಿ ಕೆಲಸ ಬೇಕೆಂದರೆ ಜಾಬರ್‌ಗೆ ಲಂಚ ಕೊಡಬೇಕಿತ್ತು. 1931ರಲ್ಲಿ ವಿಟ್ಲಿ ಆಯೋಗ ಆ ಅಧಿಕಾರ ಕಿತ್ತು ಕಾರ್ಮಿಕ ಅಧಿಕಾರಿಯ ಕೈಗೆ ಕೊಡಿ ಎಂದಿತು. 1936ರಲ್ಲಿ ಟಾಟಾ ಟ್ರಸ್ಟ್ ಮುಂಬೈಯಲ್ಲಿ ಸಮಾಜಕಾರ್ಯ ಶಾಲೆ ತೆರೆಯಿತು. 1948ರ ಕಾರ್ಖಾನೆ ಕಾಯ್ದೆ 500 ಕಾರ್ಮಿಕರಿದ್ದಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕೆಂದಿತು. ಹುದ್ದೆ ಬಂತು, ಹುದ್ದೆಗೆ ತಕ್ಕ ಓದಿಗೆ ಬೆಲೆಯೂ ಬಂತು.

ತೋಟಗಳಿಗೆ 1951ರಲ್ಲಿ ಪ್ರತ್ಯೇಕ ಕಾಯ್ದೆಯಾಯಿತು. ಲೈನು ಮನೆ, ಕುಡಿಯುವ ನೀರು, ಔಷಧಿ, ಕೂಸುಗಳಿಗೆ ಶಿಶುಪಾಲನಾ ಕೋಣೆ ಮಾಲೀಕರ ಹೊಣೆ. 300 ಕಾರ್ಮಿಕರಿದ್ದರೆ ಇಲ್ಲೂ ಕಲ್ಯಾಣಾಧಿಕಾರಿ ಇರಬೇಕಿತ್ತು. ಆದರೆ ಅವರನ್ನು ನೇಮಿಸಿ ಸಂಬಳ ಕೊಡುವವರು ಮಾಲೀಕರೇ. ಕೂಲಿ ಜಗಳ ಬಂದಾಗ ಯಾರ ಪರ ನಿಲ್ಲುವುದು? ಇವತ್ತಿನ ಎಚ್‌ಆರ್‌ಗಳೂ ಅದೇ ಇಕ್ಕಟ್ಟಿನಲ್ಲಿದ್ದಾರೆ. 'ಕಲ್ಯಾಣ' ಎಂಬ ಮಾತು ಮಾತ್ರ ಹುದ್ದೆಯ ಹೆಸರಿನಿಂದ ಬಿದ್ದುಹೋಗಿದೆ.

ನಮಗೆ ಮುಖ್ಯವೆನಿಸುವುದು ಇನ್ನೊಂದು. ಆ ಕಾಯ್ದೆ ಹೆಸರು ಹಿಡಿದು ಹೇಳಿದ್ದು ಚಹಾ, ಕಾಫಿ, ರಬ್ಬರ್, ಸಿಂಕೋನಾ, ಆಮೇಲೆ ಏಲಕ್ಕಿ. ನಮ್ಮ ಭಾಗದ ಅಡಿಕೆ ಅದರಲ್ಲಿ ಇರಲಿಲ್ಲ. ಪಟ್ಟಿಯಲ್ಲಿದ್ದ ಬೆಳೆಯಾದರೂ ಹತ್ತು ಆಳಿನ ತೋಟ ಲೆಕ್ಕಕ್ಕೆ ಬರುತ್ತಿರಲಿಲ್ಲ. ಕೊನೆ ತೆಗೆಯಲು ಮರ ಹತ್ತುವವರು, ರಾತ್ರಿ ಕೂತು ಅಡಿಕೆ ಸುಲಿಯುವ ಹೆಂಗಸರು ಕೂಲಿ, ಮುಂಗಡದ ಮಾತನ್ನು ಈಗಲೂ ಆಡುವುದು ಮೇಸ್ತ್ರಿಯ ಹತ್ತಿರವೋ, ನೇರ ಮನೆ ಯಜಮಾನರ ಹತ್ತಿರವೋ.